ದೊಡ್ಡವ್ವ ನಡುಗಡ್ಡೆಯಲ್ಲಿ ಬಿಟ್ಟು ಬಂದದ್ದು

ಇವತ್ತು ಬೆಳಿಗ್ಗೆ ಬೆಳ್ಳಟ್ಟಿಯಿಂದ ದೊಡ್ಡವ್ವನ ಫೋನು ಬಂತು. ಆಕೆ ಫೋನಿನಲ್ಲಿ ಮಾತಾಡುವುದಿಲ್ಲ, ಕೂಗುತ್ತಾಳೆ. ಬೆಳ್ಳಟ್ಟಿಯಿಂದ ಗದಗದವರೆಗಿನ ದಾರಿಯನ್ನು ತನ್ನ ಗಂಟಲೇ ದಾಟಬೇಕು ಎಂಬುದು ಆಕೆಯ ತಿಳಿವಳಿಕೆ. "ತಮ್ಮಾ, ನಾಳಿ ಬರೂ ಮುಂದ ಎರಡ ಕಿಲೋ ಬದ್ನಿಕಾಯಿ ತಗೊಂಡ ಬಾ. ಎಳೀವು ಇರ್ಲಿ. ಹುಳಕ ತಂದಿ ಅಂದ್ರ ನಿನ್ನ ತಲೀಗೇ ಒಗೀತೇನಿ ನೋಡು," ಎಂದವಳೇ, ನಾನು ಹೂಂ ಅನ್ನುವುದರೊಳಗೆ ಇಟ್ಟುಬಿಟ್ಟಳು. ಬೆಳ್ಳಟ್ಟಿಯಂಥ ದೊಡ್ಡ ಊರಿನಲ್ಲಿ ಬದನೆಕಾಯಿ ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ಸಿಗುತ್ತದೆ. ಆದರೆ ಈ ಸಲದ ಬದನೆಕಾಯಿ ಗದಗದ ಮಾರ್ಕೆಟ್ಟಿನದೇ ಆಗಬೇಕಂತೆ. ಯಾಕೆ ಎಂಬುದನ್ನು ಹೇಳಲು ನಾನು ಸ್ವಲ್ಪ ದೂರ ಹೋಗಿಬರಬೇಕು, ಸಮುದ್ರ ದಾಟಿ.

ಚೀಲ ಹುಡುಕಲು ಅಡುಗೆಮನೆಯ ಮೇಲಿನ ಹಲಗೆಗೆ ಕೈ ಹಾಕಿದೆ. ಉಪ್ಪಿನಕಾಯಿ ಭರಣಿ ಸರಿಸಿದ ಕೂಡಲೇ ಅದರ ಕೆಳಗೆ ಹಾಸಿದ್ದ ಕಾಗದ ಜಾರಿ ಬಂದು ನನ್ನ ಮುಖದ ಮೇಲೆ ಬಿತ್ತು. ಹಳೆಯ ಎಣ್ಣೆ, ಸಾಸಿವೆ, ಇಂಗಿನ ವಾಸನೆ. ಮಿರಿಮಿರಿ ಮಿಂಚುವ ದಪ್ಪ ಕಾಗದ, ಎಂಟು ಮಡಿಕೆ. ನಡುವೆ ಒಂದು ನಡುಗಡ್ಡೆಯ ನಕಾಶೆ, ಸುತ್ತಲೂ ಚಿತ್ರಗಳು: ಕೋಟೆ, ಜೈಲು, ಗಾಳಿಗಿರಣಿ, ದೀಪಸ್ತಂಭ. ಭರಣಿಯ ತಳ ಕೋಟೆಯ ಮೇಲೆ ಸರಿಯಾಗಿ ಕೂತಿತ್ತಾದ್ದರಿಂದ ಅದಕ್ಕೆ ಒಂದು ಎಣ್ಣೆಯ ಕಂದಕವೂ ಆಗಿದೆ. ಇದು ವೇಲ್ಸ್ ದೇಶದ ಆಂಗ್ಲ್‌ಸಿ ಎಂಬ ನಡುಗಡ್ಡೆ. ನಾನು ಅಲ್ಲಿಗೆ ಹೋದವನಲ್ಲ. ಆದರೆ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಅಲ್ಲಿ ಕೋಟೆ ಆದಮೇಲೆ ಏನು ನೋಡಬೇಕು, ಜೈಲಿನಿಂದ ಯಾವ ಕಡೆ ತಿರುಗಬೇಕು ಎಂದು ಹೇಳಬಲ್ಲೆ.

ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಲಕ್ಕುಂಡಿಯ ಶಿಲ್ಪಕಲೆಯ ಬಗ್ಗೆ ಮೂವತ್ತು ವರ್ಷ ಒಂದೇ ನೋಟ್ಸಿನಿಂದ ಪಾಠ ಮಾಡಿದ್ದೇನೆ. ಲಕ್ಕುಂಡಿ ನಮ್ಮ ಮನೆಯಿಂದ ಬಸ್ಸಿನಲ್ಲಿ ಒಂದು ನಿದ್ದೆಯಷ್ಟೂ ದೂರವಿಲ್ಲ. ಅಲ್ಲಿಯ ವಸ್ತುಸಂಗ್ರಹಾಲಯದ ಬಾಗಿಲಿನವರೆಗೆ ಎರಡು ಸಲ ಹೋಗಿದ್ದೇನೆ. ಒಂದು ಸಲ ಚಹಾ ಕುಡಿದು ಬಂದೆ, ಇನ್ನೊಂದು ಸಲ ಅಳಿಯನ ಗಾಡಿ ಪಂಕ್ಚರ್ ಆಗಿತ್ತು. ಇಂಥವನು ಸಪ್ತಸಮುದ್ರದಾಚೆಯ ನಡುಗಡ್ಡೆಯ ಪ್ರೇಕ್ಷಣೀಯ ಸ್ಥಳಗಳನ್ನು ಊರಿಗೆಲ್ಲ ಹೇಳಿಕೊಡಲು ಹೋದದ್ದೇ ಎಲ್ಲ ರಾದ್ಧಾಂತಕ್ಕೆ ಮೂಲ.

ದೊಡ್ಡವ್ವ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ, ಗೌರವ್ವ. ಚಿಗವ್ವ ಅಂದರೆ ಅಪ್ಪನ ತಮ್ಮನ ಹೆಂಡತಿ, ನೀಲವ್ವ. ಇಬ್ಬರು ನೆಗೆಣ್ಣಿಯರ ಮನೆಗಳ ನಡುವೆ ಒಂದೇ ಗೋಡೆ, ಗೋಡೆಯಲ್ಲಿ ಒಂದು ಕಿಂಡಿ. ಆ ಕಿಂಡಿಯಲ್ಲಿ ಹೆಪ್ಪು, ಬೆಂಕಿಪೆಟ್ಟಿಗೆ, ಚಾಡಿ ಎಲ್ಲವೂ ಹೋಗಿಬರುತ್ತಿದ್ದವು. ಚಿಗವ್ವ ಕಾಶಿಗೆ ಹೋಗಿಬಂದ ಮೇಲೆ ಮಾತ್ರ ಕಿಂಡಿ ಒಂದೇ ದಿಕ್ಕಿಗೆ ಕೆಲಸ ಮಾಡತೊಡಗಿತು. ಉಡಿ ತುಂಬುವ ಕಾರ್ಯವಿರಲಿ, ಬಸುರಿಯ ಕುಬಸವಿರಲಿ, ಚಿಗವ್ವನಿಗೆ ಮೊದಲ ಮಣೆ. ಆಕೆಯ ಪ್ರತಿ ಮಾತೂ "ನಾ ಕಾಶಿಗೆ ಹೋದಾಗ" ಎಂದೇ ಶುರುವಾಗುತ್ತಿತ್ತು. ಹಾಲು ಒಡೆದರೂ ಕಾಶಿಯಲ್ಲಿ ಹೇಗೆ ಒಡೆದಿತ್ತು ಎಂದು ಕೇಳಬೇಕಾಗುತ್ತಿತ್ತು.

ಕಾಶಿಗೆ ಹೋದವರು ತಮಗೆ ಪ್ರೀತಿಯದ್ದೊಂದನ್ನು ಅಲ್ಲಿ ಬಿಟ್ಟು ಬರಬೇಕು, ಆಮೇಲೆ ಜೀವ ಇರುವತನಕ ಅದನ್ನು ಮುಟ್ಟಬಾರದು, ನಿಮಗೆ ಗೊತ್ತಿದ್ದದ್ದೇ. ಜನ ಜಾಣರು, ಹಾಗಲಕಾಯಿ ಬಿಡುತ್ತಾರೆ, ಸೀತಾಫಲ ಬಿಡುತ್ತಾರೆ. ನಮ್ಮ ಚಿಕ್ಕಪ್ಪ ಆಕೆಯ ಜೊತೆಗೇ ಹೋಗಿ ಸೇಬು ಬಿಟ್ಟುಬಂದ, ಬೆಳ್ಳಟ್ಟಿಯಲ್ಲಿ ಅವನಿಗೆ ಸೇಬು ಯಾರು ಕೊಡುತ್ತಿದ್ದರೋ! ಚಿಗವ್ವ ಮಾತ್ರ ಬದನೆಕಾಯಿ ಬಿಟ್ಟಳು. ಎಣ್ಣೆಗಾಯಿ ಇಲ್ಲದೆ ರೊಟ್ಟಿ ಮುರಿಯದಿದ್ದ ಹೆಂಗಸು ಖರೆಖರೆ ಬದನೆಕಾಯಿಯನ್ನೇ ಬಿಟ್ಟಳು. ಅಲ್ಲಿಂದ ಮುಂದೆ ಹನ್ನೊಂದು ವರ್ಷ ದೊಡ್ಡವ್ವ ಏನು ಮಾಡಿದಳು ಎಂದು ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ವಾರಕ್ಕೆರಡು ಸಲ, ಗೋಡೆಯ ಕಿಂಡಿಯನ್ನು ಪೂರಾ ತೆರೆದಿಟ್ಟು, ಶೇಂಗಾ ಪುಡಿ ಗುರೆಳ್ಳು ಪುಡಿ ತುಂಬಿದ ಎಣ್ಣೆಗಾಯಿ ಮಾಡಿದಳು.

ಹೀಗಿರುವಾಗ ದೊಡ್ಡವ್ವನ ಮೊಮ್ಮಗಳು ಸುಮಾ, ಆ ನಡುಗಡ್ಡೆಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಬಸುರಿಯಾದಳು. ಬಾಣಂತನಕ್ಕೆ ಅವಳ ತಾಯಿ ಹೋಗಬೇಕು. ಆ ತಾಯಿಗೋ ಶಿರಹಟ್ಟಿಯ ಬಸ್ಸು ಹತ್ತಿದರೇ ವಾಂತಿ. ಕೊನೆಗೆ ಅರವತ್ತೆಂಟರ ದೊಡ್ಡವ್ವನೇ ಸೆರಗು ಸಿಕ್ಕಿಸಿ ಹೊರಟಳು. ಬಾಣಂತಿಗೆ ಅಂಟಿನ ಉಂಡಿ, ಅಳವಿ ಕಾಳು, ಶೇಂಗಾ ಚಟ್ನಿ, ನೂರೊಂದು ಒಣ ಕಟಿರೊಟ್ಟಿ, ಕೂಸಿಗೆ ಹೊಗೆ ಹಾಕಲು ಲೋಬಾನ. ಮೂರು ತಿಂಗಳು ಕೂಸಿಗೆ ಎರೆದು, ಬಾಣಂತಿಗೆ ಎರೆದು, ಒಬ್ಬಳೇ ವಿಮಾನದಲ್ಲಿ ತಿರುಗಿ ಬಂದಳು. ಕೂಸಿಗೆ ಆಕೆಯದೇ ಹೆಸರಿಟ್ಟಿದ್ದರು, ಗೌರಿ.

ದೊಡ್ಡವ್ವ ಬಂದ ಸುದ್ದಿ ತಿಳಿದು ನಾನು ಬೆಳ್ಳಟ್ಟಿಗೆ ಹೋದರೆ ಆಕೆ ಹಾಸಿಗೆಯ ಮೇಲೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು.

"ತಮ್ಮಾ, ಬರೂ ಸೋಮಾರ ಓಣಿಯಾಗಿನ ಹೆಣ್ಮಕ್ಕಳೆಲ್ಲಾ ಬರ್ತಾರಂತ. ಸಮುದ್ರ ದಾಟಿ ಬಂದಾಕಿ, ನಿನ್ನ ಕಾಲ ತೊಳದು ನಮಸ್ಕಾರ ಮಾಡಿ, ಅಲ್ಲಿದ ಎಲ್ಲಾ ಕೇಳ್ತೇವಿ, ಕೇಳಿದ್ರ ನಮಗೂ ಪುಣ್ಯ ಅಂತಾರ. ನೀಲವ್ವನೂ ಬರ್ತಾಳ."

"ಹೇಳಬೇ, ಅದರಾಗೇನೈತಿ?"

"ಏನ ಹೇಳ್ಲಿ? ನಾ ಏನ ನೋಡೇನಿ? ಅಡಗಿ ಮನಿ ನೋಡೇನಿ, ಬಚ್ಚಲಾ ನೋಡೇನಿ. ಕಿಡಕಿ ಹೊರಗ ಕುರಿ ಇದ್ದು, ಮಳಿ ಇತ್ತು. ಒಂದ ದಿನಾ ಲೋಬಾನ ಹಾಕಿದ್ದಕ್ಕ ಹೊಗಿಗೆ ಮ್ಯಾಲಿನ ಗಂಟಿ ಹೊಡಕೊಂಡು ಬೆಂಕಿ ಆರಿಸಾವ್ರು ಬಂದಿದ್ರು..."

"ಅದನ್ನ ಹೇಳಬ್ಯಾಡ," ಎಂದೆ ಗಾಬರಿಯಿಂದ. "ಮಾನ ಹೋಗತೈತಿ."

ನಾನು ಎಂಥ ಶತಮೂರ್ಖ ನೋಡಿ! ಇಡೀ ಪ್ರವಾಸದಲ್ಲಿ ಹೇಳುವಂಥದ್ದು ಅದೊಂದೇ ಇತ್ತು, ಅದನ್ನೇ ಹೊಡೆದು ಹಾಕಿದೆ. ಆಮೇಲೆ ನನ್ನ ಕಣ್ಣು ಈ ಕಾಗದದ ಮೇಲೆ ಬಿತ್ತು. ಸುಮಾ ಕೊಟ್ಟು ಕಳಿಸಿದ್ದ ಅಲ್ಲಿಯ ಸಮುದ್ರದ ಉಪ್ಪಿನ ಪೊಟ್ಟಣಗಳಿಗೆ ದೊಡ್ಡವ್ವ ಇದನ್ನು ಸುತ್ತಿಕೊಂಡು ಬಂದಿದ್ದಳು. ನಾನು ಬಿಡಿಸಿ ಓದಿದೆ. ಮೇಷ್ಟರ ಚಟ, ನಾಲಿಗೆ ತುರಿಸಿತು. ಆಗಿನ್ನೂ ನೌಕರಿಯಲ್ಲಿದ್ದೆ, ಮೂರು ದಿನ ರಜೆ ಹಾಕಿ ದೊಡ್ಡವ್ವನಿಗೆ ಪಾಠ ಮಾಡಿದೆ. ಆಕೆ ರೊಟ್ಟಿ ಬಡಿಯುತ್ತ ಬಾಯಿಪಾಠ ಮಾಡಿದಳು. ನನ್ನ ಯಾವ ವಿದ್ಯಾರ್ಥಿಯೂ ಅಷ್ಟು ಚೆನ್ನಾಗಿ ಕಲಿತಿರಲಿಲ್ಲ.

ಸೋಮವಾರ ಪಡಸಾಲೆ ತುಂಬಿತು. ದೊಡ್ಡವ್ವನನ್ನು ಮಣೆಯ ಮೇಲೆ ಕೂರಿಸಿ ಕಾಲು ತೊಳೆದರು. ಕಾಶಿಯಿಂದ ಬಂದವರು ಹಂಚುವಂತೆ ಕರಿದಾರ ಹಂಚಬೇಕೆಂದರು. ಅದನ್ನು ನಾನು ಗದಗದ ಬಜಾರಿನಿಂದ ತಂದಿಟ್ಟಿದ್ದೆ. ಪ್ರಸಾದ ಎಲ್ಲಿ ಎಂದರು. ಇದ್ದದ್ದು ಉಪ್ಪು. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದಲ್ಲ! ದೊಡ್ಡವ್ವ ಒಂದೊಂದೇ ಚಿಟಿಕೆ ಎಲೆಯ ಮೇಲೆ ಹಾಕಿ ನೆಲಕ್ಕಿಡುವುದು, ಅವರು ಬಗ್ಗಿ ಎತ್ತಿಕೊಂಡು ಕಣ್ಣಿಗೊತ್ತಿಕೊಳ್ಳುವುದು, ನೆಕ್ಕಿ "ಉಪ್ಪ ಐತ್ರಿ" ಎಂದು ಒಬ್ಬರಿಗೊಬ್ಬರು ಹೇಳುವುದು. ಇದೇ ಒಂದು ತಾಸು ಹಿಡಿಯಿತು.

ಆಮೇಲೆ ದೊಡ್ಡವ್ವ ಶುರು ಮಾಡಿದಳು. "ಮೊದ್ಲ ಕೋಟಿ. ರಾಜಾ ಕಟ್ಟಾಕ ಹಚ್ಚಿದಾ, ಅರ್ಧಾಕ್ಕ ನಿಂತ ಬಿಟ್ಟೈತಿ. ಇನ್ನೂ ಹಂಗ ಐತಿ."

"ನಮ್ಮ ಸಮುದಾಯ ಭವನದಂಗ," ಎಂದಳು ಬಾಗಿಲ ಬಳಿಯ ಫಾತಿಮವ್ವ. ಎಲ್ಲರಿಗೂ ಕೋಟೆ ಕಣ್ಣಿಗೆ ಕಟ್ಟಿತು.

"ಮುಂದ ಜೇಲು. ಕಳ್ಳರಿಗೆ ಒಂದ ದೊಡ್ಡ ಗಾಲಿ ತುಳಿಯೂ ಶಿಕ್ಷಾ. ಈಗ ಕಳ್ಳರಿಲ್ಲ. ಟಿಕೀಟ ತಗಿಸಿ ಒಳಗ ಬಿಡ್ತಾರ."

"ಅಯ್ಯ ಶಿವನ! ಟಿಕೀಟ ತಗದು ಜೇಲಿಗೆ ಹೋಗ್ತಾರ?"

"ಸಾಲಾಗಿ ನಿಂತ ಹೋಗ್ತಾರ."

ಗಾಳಿಗಿರಣಿ ಬಂದಾಗ ಹೆಂಗಸರು ಮುಂದೆ ಸರಿದು ಕೂತರು. ಕಪ್ಪತಗುಡ್ಡದ ಮೇಲಿನ ಕರೆಂಟು ಮಾಡುವ ಫ್ಯಾನುಗಳನ್ನು ದಿನಾ ನೋಡುವವರು, ಗಾಳಿಯಿಂದ ಹಿಟ್ಟು ಬೀಸುವ ಫ್ಯಾನು ಎಂದರೆ ಬಿಡುತ್ತಾರೆಯೇ? ಜೋಳ ಬೀಸುತ್ತದೆಯೇ, ಸಣ್ಣಗೆ ಬರುತ್ತದೆಯೇ, ಗಾಳಿ ಇಲ್ಲದ ದಿನ ರೊಟ್ಟಿಗೆ ಏನು ಗತಿ? ಕಾಗದದಲ್ಲಿ ಇಲ್ಲದ್ದಕ್ಕೆಲ್ಲ ದೊಡ್ಡವ್ವ ಕೂತಲ್ಲೇ ಉತ್ತರ ಹುಟ್ಟಿಸಿದಳು. ಆಮೇಲೆ ಹಳೆಯ ಕಾಲದ ಗೋರಿಯ ದಿಬ್ಬ. ವರ್ಷದ ಅತಿ ದೊಡ್ಡ ಹಗಲಿನಂದು ಸೂರ್ಯನ ಬೆಳಕು ಸೀದಾ ಒಳಗೆ ಬೀಳುತ್ತದೆ. ಇದಕ್ಕೆ ಎಲ್ಲರೂ ಕೈ ಮುಗಿದರು, ಒಬ್ಬಳು ಹೋಳಿಗೆಯ ಹರಕೆ ಹೊತ್ತಳು. ಒಂದು ರೈಲು ನಿಲ್ದಾಣಕ್ಕೆ ಮೊಳ ಉದ್ದದ ಹೆಸರು ಎಂದಾಗ, ನಮ್ಮ ಕಂಡಕ್ಟರ್ ಅಲ್ಲಿದ್ದರೆ ಹೆಸರು ಕೂಗಿ ಮುಗಿಸುವುದರೊಳಗೆ ಮುಂದಿನ ಊರು ಬಂದಿರುತ್ತಿತ್ತು ಎಂದು ನಕ್ಕರು.

ಕೊನೆಗೆ ದೀಪಸ್ತಂಭ. "ನಾನೂರ ಮೆಟ್ಲ ಇಳೀಬೇಕು, ಮತ್ತ ನಾನೂರ ಏರಬೇಕು."

ಇಷ್ಟು ಹೊತ್ತು ಸುಮ್ಮನಿದ್ದ ಚಿಗವ್ವ ಬಾಯಿ ಬಿಟ್ಟಳು. "ಅಕ್ಕಾ, ನಮ್ಮನಿ ಮೂರ ಮೆಟ್ಲಾ ಏರಾಕ ನಿನಗ ಕೈ ಹಿಡೀಬೇಕು."

"ಅಲ್ಲೀ ಹವಾ ಬ್ಯಾರೆ," ಎಂದಳು ದೊಡ್ಡವ್ವ. ನಾನು ಕಂಬದ ಮರೆಯಲ್ಲಿ ಬೆವರಿದೆ.

ಚಿಗವ್ವ ಬಿಡಲಿಲ್ಲ. "ಆತು. ಎಲ್ಲಾ ನೋಡಿದಿ. ಏನ ಬಿಟ್ಟ ಬಂದಿ?"

ಇದು ನಮ್ಮ ಪಾಠದಲ್ಲಿ ಇರಲಿಲ್ಲ. ಇಡೀ ಪಡಸಾಲೆ ದೊಡ್ಡವ್ವನ ಬಾಯಿ ನೋಡಿತು. ಕ್ಷೇತ್ರಕ್ಕೆ ಹೋಗಿ ಏನೂ ಬಿಡದೆ ಬಂದರೆ ಅದು ಯಾತ್ರೆಯೇ ಅಲ್ಲ. ನಾನು ಕಂಬದ ಹಿಂದಿನಿಂದ "ಹಾಗಲಕಾಯಿ, ಹಾಗಲಕಾಯಿ" ಎಂದು ತುಟಿ ಆಡಿಸಿದೆ. ದೊಡ್ಡವ್ವ ನನ್ನ ಕಡೆ ನೋಡಲೇ ಇಲ್ಲ.

"ಕೂಸನ್ನ ಬಿಟ್ಟ ಬಂದೆ ನೀಲವ್ವಾ," ಎಂದಳು. "ಮೂರ ತಿಂಗಳಾ ಈ ಕಾಲಮ್ಯಾಲ ಹಾಕ್ಕೊಂಡು ಎರದೇನಿ. ಬಿಟ್ಟ ಬಂದೆ."

ಫಾತಿಮವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಚಿಗವ್ವ ಎದ್ದು ಬಂದು ದೊಡ್ಡವ್ವನ ಕಾಲು ಮುಟ್ಟಿದಳು. ಮುಟ್ಟುತ್ತ, ಸೋತ ಹೊಟ್ಟೆಯುರಿಗೋ, ಖರೆ ಭಕ್ತಿಗೋ, ಒಂದು ಮಾತು ಅಂದಳು: "ಬಿಟ್ಟದ್ದನ್ನ ಮತ್ತ ಮುಟ್ಟಬಾರ್ದು. ಗೊತ್ತೈತಲ್ಲಕ್ಕಾ?" ಕೂಸು ಏಳು ಸಮುದ್ರದಾಚೆ ಇತ್ತು. ಆ ಮಾತಿನ ಕಡೆ ನಾನಂತೂ ಲಕ್ಷ್ಯ ಕೊಡಲಿಲ್ಲ. ಅವತ್ತಿನಿಂದ ಎಲ್ಲ ಕಾರ್ಯಗಳಲ್ಲಿ ಇಬ್ಬರಿಗೂ ಅಕ್ಕಪಕ್ಕ ಮಣೆ ಬಿತ್ತು.

ನಾಲ್ಕು ವರ್ಷದ ನಂತರ ಸುಮಾ ಮಗಳನ್ನು ಕರೆದುಕೊಂಡು ಬೆಳ್ಳಟ್ಟಿಗೆ ಬಂದಳು. ಕೆಂಪು ಟೊಪ್ಪಿಗೆ ಹಾಕಿದ್ದ ಗೌರಿ ಗಾಡಿ ಇಳಿದವಳೇ "ಮುತ್ತಜ್ಜಿ" ಎಂದು ಓಡಿಬಂದಳು. ಫೋನಿನಲ್ಲಿ ದಿನಾ ನೋಡುತ್ತಿದ್ದಳಲ್ಲ. ದೊಡ್ಡವ್ವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಕೂಸು ಎತ್ತಿಕೊಳ್ಳಲಿ ಎಂದು ಕೈ ಚಾಚಿ ನಿಂತೇ ಇತ್ತು. ಆಮೇಲೆ ಅದರ ಕೆಳತುಟಿ ಇಳಿಯಿತು.

ನಾನು ದೊಡ್ಡವ್ವನನ್ನು ಒಳಗೆ ಕರೆದೊಯ್ದು ಬೈದೆ. "ಏನ ಹುಚ್ಚಬೇ ಇದು? ಅದೇನು ಕಾಶೀನೇನು? ಕುರಿ ಮೇಯೂ ಊರು!"

"ಕಾಲ ತೊಳಸ್ಕೊಂಡೇನಿ, ದಾರಾ ಹಂಚೇನಿ, ಪ್ರಸಾದ ಕೊಟ್ಟೇನಿ. ಹತ್ತ ಮಂದಿ ಮುಂದ ಕೂಸ ಬಿಟ್ಟೇನಿ ಅಂದೇನಿ. ನನಗ ಏನರ ಆಗ್ಲಿ, ಚಿಂತಿಲ್ಲ. ಕೂಸಿಗೆ ಏನರ ಆದ್ರ?" ಎಂದು ಆಕೆ ಅತ್ತಳು. ಎಂಟು ಮಡಿಕೆಯ ಕಾಗದದಿಂದ ಒಂದು ಊರನ್ನು ಕ್ಷೇತ್ರ ಮಾಡಿದವನು ನಾನೇ ಅಲ್ಲವೇ? ಎರಡು ದಿನ ಹೀಗೇ ನಡೆಯಿತು. ಕೂಸು ಹತ್ತಿರ ಬಂದರೆ ದೊಡ್ಡವ್ವ ಹಿತ್ತಲಿಗೆ, ಹಿತ್ತಲಿಗೆ ಬಂದರೆ ಅಟ್ಟದ ಏಣಿಗೆ. ಆ ಮೊಣಕಾಲಿನಲ್ಲಿ ಏಣಿ ಹತ್ತುವುದನ್ನು ನೋಡಿದ ಓಣಿಯವರು ನಾನೂರು ಮೆಟ್ಟಿಲು ಖರೆಯೇ ಇರಬೇಕೆಂದುಕೊಂಡರು.

ಮೂರನೆಯ ದಿನ ಅದೇ ಹೆಂಗಸರಿಗೆಲ್ಲ ಊಟಕ್ಕೆ ಹೇಳಿದೆವು. ಎಲೆ ಹಾಕಿತ್ತು, ರೊಟ್ಟಿ, ಎಣ್ಣೆಗಾಯಿ, ಮೊಸರು ಬಡಿಸಿತ್ತು. ಚಿಗವ್ವನ ಎಲೆಯಲ್ಲಿ ಎಂದಿನಂತೆ ಎಣ್ಣೆಗಾಯಿಯ ಜಾಗಕ್ಕೆ ಕಾಳುಪಲ್ಯ. ದೊಡ್ಡವ್ವ ನಡುವೆ ನಿಂತು, ಸೆರಗು ಹೊದ್ದು, ಹೇಳಿಯೇಬಿಟ್ಟಳು.

"ಎಲ್ಲಾರೂ ಕೇಳ್ರಿ. ನಾ ಅಲ್ಲಿ ಏನೂ ನೋಡಿಲ್ಲ. ಕೋಟಿ ನೋಡಿಲ್ಲ, ಜೇಲ ನೋಡಿಲ್ಲ. ಗಿರಣಿ ಹೆಂಗ ಐತೋ ಆ ಶಿವನಿಗೇ ಗೊತ್ತು. ಎಲ್ಲಾ ಈ ಮಾಸ್ತರಾ ಕಾಗದಾ ಓದಿ ಹೇಳಿಕೊಟ್ಟದ್ದು. ನಿಮಗ ಕಟ್ಟಿದ ದಾರಾ ಗದಗ ಬಜಾರಿಂದು."

ಹತ್ತು ಜೊತೆ ಕಣ್ಣು ನನ್ನ ಕಡೆ ತಿರುಗಿದವು. ಹೋಳಿಗೆಯ ಹರಕೆ ತೀರಿಸಿದ್ದವಳ ನೋಟವನ್ನು ನಾನು ಇನ್ನೂ ಮರೆತಿಲ್ಲ.

"ಹಂಗಾದ್ರ ಏನ ನೋಡಿದಿಬೇ?" ಎಂದಳು ಫಾತಿಮವ್ವ.

"ಬೆಂಕಿ ಆರಿಸಾವ್ರನ್ನ ನೋಡೇನಿ. ಲೋಬಾನಾ ಹಾಕಿದ್ನೆ, ಗಂಟಿ ಹೊಡಕೊಂತು, ನಾಕ ಮಂದಿ ದೊಡ್ಡ ದೊಡ್ಡ ಟೊಪಿಗಿ ಹಾಕ್ಕೊಂಡು ಓಡಿ ಬಂದ್ರು. ನಾ ಕೂಸ ನೋಡಾಕ ಬಂದಾರ ಅನ್ಕೊಂಡೆ. ಹೊರಗಿಂದ ಬಂದಾವ್ರು ಹಂಗ ಕೂಸಿನ ಹತ್ರ ಬರಬಾರದಲ್ಲಾ? ಕಾಲ ತೊಳಕೊಂಡ ಬರ್ರಿ ಅಂತ ಬಾಗಲದಾಗ ತಂಬಗಿ ಹಿಡಕೊಂಡ ನಿಂತೆ. ಪಾಪ, ತೊಳಕೊಂಡ್ರು. ಒಂದೊಂದ ಅಂಟಿನ ಉಂಡಿ ಕೊಟ್ಟೆ. ಮರುವಾರ ಒಬ್ಬಾಂವ ಬೆಂಕಿ ಇಲ್ದ ಬಂದಿದ್ದಾ, ಉಂಡಿಗೆ."

ಪಡಸಾಲೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಒಬ್ಬಳಿಗೆ ರೊಟ್ಟಿ ನೆತ್ತಿಗೇರಿತು. ನಾನು ಈ ಗಡಿಬಿಡಿಯಲ್ಲೇ ಎದ್ದು, "ಆತಲ್ಲ! ಯಾತ್ರೀನೇ ಆಗಿಲ್ಲ ಅಂದಮ್ಯಾಲ ಬಿಟ್ಟದ್ದೂ ಬಿಟ್ಟಂಗಲ್ಲ. ಎತ್ಕೊಬೇ ಕೂಸನ್ನ," ಎಂದೆ.

ದೊಡ್ಡವ್ವ ತಲೆ ಅಲ್ಲಾಡಿಸಿದಳು. "ಎಲ್ಲಾ ಸುಳ್ಳ ತಮ್ಮಾ. ಅದೊಂದ ಖರೆ. ಕೂಸನ್ನ ಖರೇನ ಬಿಟ್ಟ ಬಂದೇನಿ."

ನಗು ನಿಂತಿತು. ಗೌರಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಆಗ ಚಿಗವ್ವ ಪಕ್ಕದ ಫಾತಿಮವ್ವನ ಎಲೆಗೆ ಕೈ ಹಾಕಿ ಒಂದು ಇಡೀ ಬದನೆಕಾಯಿ ಎತ್ತಿದಳು. ತೊಟ್ಟು ಹಿಡಿದು ಎಲ್ಲರಿಗೂ ಕಾಣುವಂತೆ ಒಂದು ಸಲ ಮೇಲೆತ್ತಿದಳು. ಬಾಯಿಗಿಟ್ಟಳು. ಮೂಲೆಯಲ್ಲಿ ಉಣ್ಣುತ್ತಿದ್ದ ಚಿಕ್ಕಪ್ಪ "ಏ, ಏ, ಕಾಶಿ, ಕಾಶಿ!" ಎಂದು ಎದ್ದು ನಿಂತ. ಆಕೆ ಕಣ್ಣು ಮುಚ್ಚಿ ಅಗಿದಳು, ನುಂಗಿದಳು.

"ನಂದು ಖರೆ ಕಾಶಿ," ಎಂದಳು. "ಖರೆ ಬಿಟ್ಟಿದ್ದೆ. ನೋಡ್ರಿ, ತಿಂದೆ. ಏನರ ಆಗೂದಿದ್ರ ಮೊದ್ಲ ನನಗ ಆಗ್ಲಿ. ಎತ್ಕೋ ಅಕ್ಕಾ."

ದೊಡ್ಡವ್ವ ನಿಂತಲ್ಲೇ ಕೂತು ಕೈ ಚಾಚಿದಳು. ಮೂರು ದಿನ ಓಡಿಸಿಕೊಂಡು ಸುಸ್ತಾಗಿದ್ದ ಕೂಸು ಬಂದು ತೊಡೆಯ ಮೇಲೆ ಬಿತ್ತು. ಯಾರು ಅಳುತ್ತಿದ್ದರು, ಯಾರು ನಗುತ್ತಿದ್ದರು, ಒಂದೂ ತಿಳಿಯಲಿಲ್ಲ; ನಾನಂತೂ ಅಳುತ್ತಿದ್ದೆ. ಆ ಗದ್ದಲದಲ್ಲಿ ಚಿಗವ್ವನ ದನಿ ಕೇಳಿತು. "ಪಾಪ ಹೆಂಗೂ ಬಂತು. ಇನ್ನೆರಡ ಹಾಕ್ರಿ."

ಅದಾಗಿ ಮೂರು ವರ್ಷ. ಯಾರಿಗೂ ಏನೂ ಆಗಲಿಲ್ಲ. ಕಿಂಡಿಯಲ್ಲಿ ಈಗ ವಾಸನೆಯ ಜೊತೆಗೆ ಬಟ್ಟಲೂ ಹೋಗುತ್ತದೆ. ಆದರೆ ದೊಡ್ಡವ್ವನ ಮನಸ್ಸಿನಲ್ಲಿ ಅದು ಕೊರೆಯುತ್ತಲೇ ಇತ್ತು. ಹೋದ ತಿಂಗಳು ನನ್ನನ್ನು ಕರೆಸಿ ಹೇಳಿದಳು, "ತಮ್ಮಾ, ಕಾಶಿಗೆ ಟಿಕೀಟ ತಗಸು. ನೀಲವ್ವ ಬಿಟ್ಟ ಬದ್ನಿಕಾಯಿ ನನ್ನ ಸಲುವಾಗಿ ತಿಂದ್ಲು. ಆಕಿ ಬದಲಿಗೆ ನಾ ಬಿಟ್ಟ ಬರ್ತೇನಿ."

ಇದು ಕಿಂಡಿಯಾಚೆ ಕೇಳಿ ಚಿಗವ್ವ ಅಲ್ಲಿಂದಲೇ ಕೂಗಿದಳು. "ನಾ ಏನ ನಿನ್ನ ಕೇಳೇನೇನು? ನೀ ಬಿಟ್ಟರ ಎಣ್ಣಿಗಾಯಿ ಮಾಡಾವ್ರು ಯಾರು?"

"ಮಾಡ್ತೇನಿ. ತಿನ್ನೂದಿಲ್ಲ ಅಷ್ಟ. ನೀ ಹನ್ನೊಂದ ವರ್ಷಾ ವಾಸನಿ ಕುಡದಿ, ಇನ್ನ ಮ್ಯಾಲ ನಾ ಕುಡೀತೇನಿ."

ಮೂರು ದಿನ ಜಗಳಾಡಿದರು. ಕೊನೆಗೆ ಚಿಗವ್ವನೂ ಜೊತೆಗೆ ಬರುತ್ತಾಳೆಂದು ತೀರ್ಮಾನವಾಯಿತು, ದೊಡ್ಡವ್ವ ಸರಿಯಾಗಿ ಬಿಡುತ್ತಾಳೋ ಇಲ್ಲವೋ ನೋಡಲು. ನಾಡಿದ್ದು ಹುಬ್ಬಳ್ಳಿಯಿಂದ ರೈಲು, ಕರೆದೊಯ್ಯುವವನು ನಾನು. ಕಾಶಿಯಲ್ಲಿ ಏನೇನು ನೋಡುವುದಿದೆ ಎಂದು ಓದಿ ಹೇಳಲೇ ಎಂದು ಕೇಳಿದೆ. "ಏನೂ ಓದಬ್ಯಾಡಪ್ಪಾ, ಕೈ ಮುಗೀತೇನಿ," ಎಂದಳು ದೊಡ್ಡವ್ವ. "ನಾವು ನೋಡಾಕ ಹೊಂಟಿಲ್ಲ, ಬಿಡಾಕ ಹೊಂಟೇವಿ."

ಕಾಗದವನ್ನು ಒರೆಸಿ ಮತ್ತೆ ಭರಣಿಯ ಕೆಳಗೆ ಹಾಸಿ, ಚೀಲ ಹಿಡಿದು ಮಾರ್ಕೆಟ್ಟಿಗೆ ಹೋದೆ. ಒಂದೊಂದೇ ಬದನೆಕಾಯಿ ಎತ್ತಿ, ತೊಟ್ಟು ನೋಡಿ, ಒತ್ತಿ ನೋಡಿ ಆರಿಸಿದೆ. ಕಾಯಿಪಲ್ಯದವಳಿಗೆ ಸಿಟ್ಟು ಬಂತು. "ಏನ್ರಿ ಮಾಸ್ತರ, ಕನ್ಯಾ ನೋಡಾಕ ಬಂದೀರೇನು?"

"ನಮ್ಮ ದೊಡ್ಡವ್ವ ನಾಳಿ ಉಣ್ಣೂದ ಕಡೀದು, ಅದಕ್ಕ ಇಲ್ಲಿಂದ ಚಲೋವು ಬೇಕಂತ," ಎಂದೆ. "ಕಾಶ್ಯಾಗ ಬದ್ನಿಕಾಯಿ ಬಿಡಾಕ ಹೊಂಟಾಳ."

"ಬದ್ನಿಕಾಯಿ? ಖರೇನ ಬದ್ನಿಕಾಯಿ?" ಎಂದವಳು ನನ್ನ ಕೈಯಿಂದ ಚೀಲ ಕಿತ್ತುಕೊಂಡು, ನಾನು ಆರಿಸಿದ್ದಷ್ಟನ್ನೂ ರಾಶಿಗೆ ಸುರಿದಳು. ಹಿಂದಿನ ಬುಟ್ಟಿಯ ಒದ್ದೆ ಅರಿವೆ ಸರಿಸಿ, ತನ್ನ ಮನೆಗೆಂದು ತೆಗೆದಿಟ್ಟಿದ್ದವನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದಳು.